ಸೋಡಚೀಟಿ, ನ್ಯಾಯಾಲಯ, ಮಗು: ಕಾನಸೂರು ಸೀಮೆಯಿಂದ ಕಂಡ ವಿವಾಹ ನ್ಯಾಯದ ಚರಿತ್ರೆ

ವಿವಾಹ ವಿಚ್ಛೇದನವು ಪಾಶ್ಚಾತ್ಯರಿಂದ ನಮ್ಮ ನಾಡಿಗೆ ಬಂದ ಪಿಡುಗೆಂದೂ, 1955ರ ಹಿಂದೂ ವಿವಾಹ ಕಾಯಿದೆಯು ಜಾರಿಗೆ ಬರುವವರೆಗೆ ನಮ್ಮ ಹಿರಿಯರಿಗೆ ಅದರ ಪರಿಚಯವೇ ಇರಲಿಲ್ಲವೆಂದೂ ಹೇಳುವವರು ವಿದ್ಯಾವಂತರಲ್ಲಿಯೂ ಅನೇಕರಿದ್ದಾರೆ. ಈ ಮಾತು ಧರ್ಮಶಾಸ್ತ್ರದ ಗ್ರಂಥಗಳನ್ನಷ್ಟೇ ಮುಂದಿಟ್ಟುಕೊಂಡು ಆಡಿದ ಮಾತು; ಜನಜೀವನವನ್ನು ಕಂಡು ಆಡಿದುದಲ್ಲ. ಕನ್ನಡ ನಾಡಿನ ಒಕ್ಕಲು ಮಕ್ಕಳಲ್ಲಿ, ಅದರಲ್ಲಿಯೂ ವೀರಶೈವ ಸಮಾಜದ ಬಹುಸಂಖ್ಯಾತ ಒಳಪಂಗಡಗಳಲ್ಲಿ, ಮುರಿದ ದಾಂಪತ್ಯದಿಂದ ಹೊರಬರುವ ದಾರಿಯೊಂದು ಬಹುಕಾಲದಿಂದ ಇದ್ದೇ ಇತ್ತು. ಕಾಲಾಂತರದಲ್ಲಿ ಬದಲಾದುದು ದಾರಿಯಲ್ಲ; ಆ ದಾರಿಯ ಬಾಗಿಲನ್ನು ತೆರೆಯುವ ಅಧಿಕಾರ ಯಾರದೆಂಬುದು ಬದಲಾಯಿತು. ಅದಕ್ಕಿಂತ ಮಿಗಿಲಾಗಿ, ಆ ಬಾಗಿಲ ಬಳಿ ನಿಂತ ಮಗುವಿನ ಸ್ಥಾನವು ಬದಲಾಯಿತು.

ಈ ಚರಿತ್ರೆಯನ್ನು ನೋಡಲು ಉತ್ತರ ಕನ್ನಡ ಜಿಲ್ಲೆಯ ಕಾನಸೂರು ಒಳ್ಳೆಯ ನೆಲೆ. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಮಾರ್ಗದಲ್ಲಿರುವ ಈ ಊರು ಸಿದ್ದಾಪುರ ತಾಲ್ಲೂಕಿಗೆ ಸೇರಿದೆ. ತಾಲ್ಲೂಕಿನ ಗಡಿಯನ್ನು ದಾಟಿದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ. ಘಟ್ಟವನ್ನಿಳಿದು ಕರಾವಳಿಯಗುಂಟ ದಕ್ಷಿಣಕ್ಕೆ ನಡೆದರೆ ಹಳೆಯ ದಕ್ಷಿಣ ಕನ್ನಡ. ಇಂದು ಇವೆಲ್ಲವೂ ಒಂದೇ ರಾಜ್ಯದ ಭಾಗಗಳು. ಆದರೆ 1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ವರ್ಗವಾದ ಮೇಲೆ ಸುಮಾರು ಒಂದು ಶತಮಾನದವರೆಗೆ ಈ ಮೂರು ಸೀಮೆಗಳು ಮೂರು ಬೇರೆ ಬೇರೆ ನ್ಯಾಯವ್ಯವಸ್ಥೆಗಳಿಗೆ ಒಳಪಟ್ಟಿದ್ದವು. ಕಾನಸೂರಿನವರ ಉಚ್ಚ ನ್ಯಾಯಪೀಠ ಮುಂಬಯಿಯ ಹೈಕೋರ್ಟು, ಮಂಗಳೂರಿನವರದು ಮದರಾಸಿನದು, ಸಾಗರದವರದು ಮೈಸೂರು ಸಂಸ್ಥಾನದ್ದು. ಹೆಣ್ಣು ಕೊಟ್ಟು ತರುವ ನಂಟಸ್ತಿಕೆಯು ಇಂಥ ಗಡಿಗಳನ್ನು ಲೆಕ್ಕಿಸುವುದಿಲ್ಲವಷ್ಟೆ. ಸಿದ್ದಾಪುರದ ಕಡೆಯ ಹೆಣ್ಣು ಸಾಗರದ ಕಡೆಗೆ ಸೊಸೆಯಾಗಿ ಹೋದಾಗ ಮನೆಯ ಜೊತೆಗೆ ಕಾನೂನನ್ನೂ ಬದಲಿಸಿದಂತಾಗುತ್ತಿತ್ತೆಂಬುದು ಯಾರ ಮನಸ್ಸಿಗೂ ಹೊಳೆದಿರಲಾರದು.

ಮೊದಲು ರೂಢಿಯ ಮಾತು. ಕನ್ನಡದಲ್ಲಿ ಇದಕ್ಕೆ ಸಂಬಂಧಿಸಿದ ಶಬ್ದಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ಮೊದಲನೆಯ ಮದುವೆಗೆ ಲಗ್ನವೆಂದೂ ಧಾರೆಯೆಂದೂ ಹೆಸರು. ವಿಧವೆಯಾದವಳು ಅಥವಾ ಗಂಡನಿಂದ ಬಿಡುಗಡೆ ಹೊಂದಿದವಳು ಮತ್ತೊಬ್ಬನ ಕೈಹಿಡಿಯುವುದಕ್ಕೆ ಉಡಿಕೆ, ಸೀರುಡಿಕೆ. ಮಲೆನಾಡಿನ ಕೆಲವೆಡೆ ಕೂಡಿಕೆ, ಕೂಡಾವಳಿ. ಸೀರೆಯನ್ನು ಉಡಿಸುವುದೇ ಆ ಸಂಸ್ಕಾರದ ಮುಖ್ಯ ಅಂಗವಾದ್ದರಿಂದ ಸೀರುಡಿಕೆ ಎಂಬ ಹೆಸರು ಅನ್ವರ್ಥಕವಾಗಿದೆ. ಬಿಡುಗಡೆಯನ್ನು ಸೂಚಿಸುವ ಬರಹಕ್ಕೆ ಧಾರವಾಡ ಸೀಮೆಯಲ್ಲಿ ಸೋಡಚೀಟಿ ಎಂಬ ಮಾತು ಬಳಕೆಯಲ್ಲಿತ್ತು. ಇದು ಮರಾಠಿಯ ಸೋಡಚಿಠ್ಠಿಯಿಂದ ಬಂದುದು. ಸೋಡು ಎಂದರೆ ಬಿಡು. ಆರ್ಥರ್ ಸ್ಟೀಲನು ಮುಂಬಯಿ ಸರಕಾರದ ಅಪ್ಪಣೆಯಂತೆ ದಖ್ಖನ ಪ್ರಾಂತದ ಜಾತಿಗಳ ರೂಢಿಗಳನ್ನು ಸಂಗ್ರಹಿಸಿ 1827ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ಮುಂದೆ 1920ರ ದಶಕದ ಆರಂಭದಲ್ಲಿ ಬಂದ ಎಂಥೋವೆನ್ನನ ಸಂಪುಟಗಳಲ್ಲಿಯೂ ಪುನರ್ವಿವಾಹ, ಬಿಡುಗಡೆಗಳ ವಿವರಗಳು ವಿಪುಲವಾಗಿ ದೊರೆಯುತ್ತವೆ.

ಈ ಬಿಡುಗಡೆಯನ್ನು ತೀರ್ಮಾನಿಸುತ್ತಿದ್ದವರು ದೈವದವರು. ದೈವವೆಂದರೆ ಇಲ್ಲಿ ದೇವರಲ್ಲ, ನೆರೆದ ಸಮಾಜ. ಊರ ಗೌಡ, ಶೆಟ್ಟಿ, ಮಠದ ಅಯ್ಯನವರು, ಎರಡೂ ಕಡೆಯ ಹಿರಿಯರು ಸೇರಿ ಕಟ್ಟೆಯ ಮೇಲೋ ಮಠದ ಅಂಗಳದಲ್ಲಿಯೋ ಕುಳಿತು ವಿಚಾರಿಸುತ್ತಿದ್ದರು. ಮೊದಲು ಕೂಡಿಸುವ ಪ್ರಯತ್ನ, ಆಗದಿದ್ದಲ್ಲಿ ತೆರದ ಹಣ, ಆಭರಣ, ಮದುವೆಯ ಖರ್ಚುಗಳ ಲೆಕ್ಕ, ಕೊನೆಗೆ ಚೀಟಿ. ವೆಚ್ಚ ಕಡಿಮೆ, ಕಾಲವಿಳಂಬವಿಲ್ಲ, ಭಾಷೆ ತಮ್ಮದೇ. ಈ ಗುಣಗಳನ್ನು ಕಂಡು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವವರೂ ಇದ್ದಾರೆ. ಆದರೆ ಆ ಕಟ್ಟೆಯ ಮೇಲೆ ಹೆಣ್ಣಿಗೆ ಆಸನವಿರಲಿಲ್ಲವೆಂಬುದನ್ನು ಮರೆಯಬಾರದು. ಅವಳ ಮಾತನ್ನು ಅವಳ ತಂದೆಯೋ ಅಣ್ಣನೋ ಆಡಬೇಕಿತ್ತು. ಉಡಿಕೆಯ ಮದುವೆಯು ಸಾಮಾನ್ಯವಾಗಿ ರಾತ್ರಿಯ ವೇಳೆ ಸದ್ದುಗದ್ದಲವಿಲ್ಲದೆ ನಡೆಯುತ್ತಿತ್ತು; ಉಡಿಕೆಯಾದವಳಿಗೆ ಶುಭಕಾರ್ಯಗಳಲ್ಲಿ ಮೊದಲಿನ ಗೌರವವು ಎಲ್ಲ ಕಡೆಯೂ ದೊರೆಯುತ್ತಿರಲಿಲ್ಲ. ಮಕ್ಕಳ ವಿಷಯದಲ್ಲಂತೂ ಚರ್ಚೆಯೇ ಅಪರೂಪ. ಮೊಲೆಹಾಲು ಬಿಡುವವರೆಗೆ ತಾಯಿಯ ಬಳಿ, ಅನಂತರ ತಂದೆಯ ಮನೆಗೆ, ಇಷ್ಟೇ ಸಾಮಾನ್ಯವಾದ ಕಟ್ಟಳೆ. ಮಗುವು ಮನೆತನದ ಸ್ವತ್ತು, ಅದನ್ನು ಕೇಳುವವರಾರು?

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಪ್ರಸಂಗವು ನೆನಪಾಗದಿರದು. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಅಕ್ಕನು ಕೌಶಿಕನನ್ನು ನಿಬಂಧನೆಗಳೊಡನೆ ಒಪ್ಪುತ್ತಾಳೆ. ಅವನು ಅವನ್ನು ಮೀರಿದಾಗ ಅರಮನೆಯನ್ನು ತೊರೆದು ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯು ಈ ಮದುವೆಯನ್ನು ಒಪ್ಪುವುದಿಲ್ಲವೆಂಬುದು ಬೇರೆ ಮಾತು. ಅಕ್ಕನ ನಿರ್ಗಮನವು ವೈರಾಗ್ಯದ್ದೇ ಹೊರತು ಲೌಕಿಕ ವಿಚ್ಛೇದನವಲ್ಲ, ಅದನ್ನು ಕಾಯಿದೆಯ ಮಟ್ಟಕ್ಕೆ ಎಳೆಯುವುದು ಉಚಿತವೂ ಅಲ್ಲ. ಆದರೂ ದಾಂಪತ್ಯಕ್ಕೆ ನಿಬಂಧನೆಗಳಿರಬಹುದು, ಅವು ಮುರಿದರೆ ಹೆಣ್ಣು ಹೊರಡಬಹುದು ಎಂಬ ಕಲ್ಪನೆಯು ಕನ್ನಡ ಕವಿಗೆ ಅಸಹಜವಾಗಿ ತೋರಲಿಲ್ಲವೆಂಬುದು ಗಮನಾರ್ಹ.

ಆಂಗ್ಲರ ನ್ಯಾಯಾಲಯಗಳು ಈ ರೂಢಿಯನ್ನು ಹೇಗೆ ಕಂಡವು? ಇಲ್ಲಿಯೇ ಉತ್ತರ, ದಕ್ಷಿಣ ಕನ್ನಡಗಳ ದಾರಿಗಳು ಕವಲೊಡೆದುವು. 1876ರಲ್ಲಿ ಶಂಭು ರಘು ಎಂಬವನ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು, ವಿವಾಹವೊಂದನ್ನು ರದ್ದಾಯಿತೆಂದು ಸಾರುವ ಅಥವಾ ಹೆಂಗಸಿಗೆ ಮರುಮದುವೆಯ ಅನುಮತಿ ಕೊಡುವ ಅಧಿಕಾರವು ಜಾತಿಯ ಪಂಚಾಯಿತಿಗೆ ಇದೆಯೆಂದು ನ್ಯಾಯಾಲಯವು ಒಪ್ಪಲಾರದು ಎಂದು ಹೇಳಿತು. ಜಾತಿಯವರ ಒಪ್ಪಿಗೆಯಿಂದ ಎರಡನೆಯ ಮದುವೆ ಸಿಂಧುವಾಯಿತೆಂದು ಪ್ರಾಮಾಣಿಕವಾಗಿ ನಂಬಿದ್ದೆನೆಂಬುದೂ ರಕ್ಷಣೆಯಾಗಲಾರದೆಂದು ಅದೇ ತೀರ್ಪು ಸ್ಪಷ್ಟಪಡಿಸಿತು. ಒಂಬತ್ತು ವರುಷಗಳ ಬಳಿಕ, 1885ರಲ್ಲಿ, ವೀರಸಂಗಪ್ಪ ವಿರುದ್ಧ ರುದ್ರಪ್ಪ ಎಂಬ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟು ದಕ್ಷಿಣ ಕನ್ನಡದ ಲಿಂಗಾಯತರ ರೂಢಿಯನ್ನು ಪರಿಶೀಲಿಸಿತು. ಗಂಡನು ತ್ಯಜಿಸಿದ ಹೆಂಡತಿಯ ಮರುಮದುವೆಯು ಅವರಲ್ಲಿ ಅಸಿಂಧುವಲ್ಲವೆಂದು ಅದು ಹೇಳಿತು. ಮೊದಲ ಮದುವೆಗೆ ಲಗ್ನ ಅಥವಾ ಧಾರೆಯೆಂದೂ, ಎರಡನೆಯದಕ್ಕೆ ಸೀರೆ ಉಡಿಕೆಯೆಂದೂ ಇರುವ ಭೇದವು ಆ ಮೂಲಕ ಕಾನೂನಿನ ವರದಿಗಳಲ್ಲಿ ದಾಖಲಾಯಿತು. ನಮ್ಮ ಹಳ್ಳಿಯ ಹೆಂಗಸರ ಬಾಯಲ್ಲಿದ್ದ ಶಬ್ದವೊಂದು ಆಂಗ್ಲ ಕಾನೂನು ಗ್ರಂಥದ ಪುಟವನ್ನು ಸೇರಿದ ಬಗೆ ಇದು!

ಎರಡೂ ತೀರ್ಪುಗಳು ಒಂದನ್ನೊಂದು ನೇರವಾಗಿ ಖಂಡಿಸುತ್ತವೆಂದು ತಿಳಿಯಬೇಕಾಗಿಲ್ಲ. ಒಂದರಲ್ಲಿ ಪ್ರಶ್ನೆಯು ಪಂಚಾಯಿತಿಯ ಅಧಿಕಾರದ್ದು, ಇನ್ನೊಂದರಲ್ಲಿ ಸಮಾಜದ ಸ್ಥಿರವಾದ ಆಚಾರದ್ದು. ಪಂಚರು ತಮ್ಮ ಇಚ್ಛೆಯಂತೆ ಮದುವೆಯನ್ನು ಮುರಿಯಲಾರರು, ಆದರೆ ಅನೂಚಾನವಾಗಿ ಬಂದ ಆಚಾರವಿದ್ದಲ್ಲಿ ಅದಕ್ಕೆ ಬೆಲೆಯುಂಟು. ಈ ಸೂಕ್ಷ್ಮ ಭೇದವು ಇಂದಿಗೂ ಉಳಿದಿದೆ. ಅದನ್ನರಿಯದೆ ಎಷ್ಟೋ ಸಂಸಾರಗಳು ಕಷ್ಟಕ್ಕೆ ಸಿಲುಕಿವೆ. ಮುಂಬಯಿ ಹೈಕೋರ್ಟು ಎಲ್ಲ ವಿಷಯಗಳಲ್ಲಿಯೂ ಬಿಗಿಯಾಗಿತ್ತೆಂದೂ ಅಲ್ಲ. 1896ರ ಫಕೀರಗೌಡ ವಿರುದ್ಧ ಗಂಗಿ ಎಂಬ ಮೊಕದ್ದಮೆಯಲ್ಲಿ ಲಿಂಗಾಯತರ ಬೇರೆ ಬೇರೆ ಒಳಪಂಗಡಗಳ ನಡುವಿನ ವಿವಾಹವನ್ನು ಅದು ಎತ್ತಿಹಿಡಿಯಿತು. ಅಂಥ ವಿವಾಹವು ನಿಷಿದ್ಧವೆನ್ನುವವನೇ ನಿಷೇಧದ ಆಚಾರವನ್ನು ಸಿದ್ಧಪಡಿಸಬೇಕೆಂದು ಹೇಳಿತು. ಕಲ್ಯಾಣದ ಕಥೆಯನ್ನು ಬಲ್ಲ ನಮ್ಮ ವಾಚಕರು ಈ ತೀರ್ಪನ್ನು ವಿಶೇಷ ಆಸಕ್ತಿಯಿಂದ ಓದುವರೆಂದು ನಂಬಬಹುದು.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ನಡೆದ ರಖಮಾಬಾಯಿಯ ಮೊಕದ್ದಮೆಯನ್ನು ಎಲ್ಲರೂ ಬಲ್ಲರು. ಬಾಲ್ಯದಲ್ಲಿ ಮದುವೆಯಾದ ಆಕೆ ಗಂಡನ ಮನೆಗೆ ಹೋಗಲೊಲ್ಲದೆ ನಿಂತಾಗ 1884ರಲ್ಲಿ ಅವನು ದಾವೆ ಹೂಡಿದನು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಅಪೀಲಿನಲ್ಲಿ ಅದು ನಿಲ್ಲಲಿಲ್ಲ. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆವಾಸ ಅನುಭವಿಸು ಎಂಬ ಆಜ್ಞೆಯಾಯಿತು. ಆಕೆ ಸೆರೆಮನೆಯನ್ನೇ ಆರಿಸಿಕೊಳ್ಳುವೆನೆಂದಳು. ಕೊನೆಗೆ 1888ರಲ್ಲಿ ಗಂಡನಿಗೆ 2,000 ರೂಪಾಯಿಗಳನ್ನು ಕೊಡುವುದರೊಂದಿಗೆ ರಾಜಿಯಾಯಿತು. ಕಾನೂನು ಬಿಡಿಸಲಾರದ ಗಂಟನ್ನು ರಾಜಿ ಸಡಿಲಿಸಿತು. ಉತ್ತರ ಕನ್ನಡವೂ ಇದೇ ಹೈಕೋರ್ಟಿನ ಅಧೀನದಲ್ಲಿತ್ತೆಂಬುದನ್ನು ನೆನೆದರೆ, ಕಾನಸೂರಿನ ಬಡ ಒಕ್ಕಲಿನ ಮಗಳಿಗೆ ಉಡಿಕೆಯ ರೂಢಿಯು ಎಂಥ ಆಸರೆಯಾಗಿತ್ತೆಂಬುದು ಅರಿವಾಗುತ್ತದೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿ ಪ್ರಾಂತವು ಎರಡು ಮಹತ್ವದ ಕಾಯಿದೆಗಳನ್ನು ಮಾಡಿತು: 1946ರ ದ್ವಿಪತ್ನೀತ್ವ ಪ್ರತಿಬಂಧಕ ಕಾಯಿದೆ, 1947ರ ಹಿಂದೂ ವಿಚ್ಛೇದನ ಕಾಯಿದೆ. ಮೊದಲನೆಯದನ್ನು ಪ್ರಶ್ನಿಸಿದಾಗ 1951ರಲ್ಲಿ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಮತ್ತು ಗಜೇಂದ್ರಗಡಕರ ಅವರ ಪೀಠವು ಅದನ್ನು ಎತ್ತಿಹಿಡಿಯಿತು. ಎರಡನೆಯದು, ಇತರ ಕಾರಣಗಳ ಜೊತೆಗೆ, ನಾಲ್ಕು ವರ್ಷಗಳ ಪರಿತ್ಯಾಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿತು. ಮದರಾಸು ಪ್ರಾಂತವು 1949ರಲ್ಲಿ ಇಂಥದೇ ಕಾಯಿದೆಯನ್ನು ತಂದಿತು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ ಇತರರಿಗೆ ಮಾದರಿಯಾಗಿದ್ದರೂ ವಿಚ್ಛೇದನದ ಕಾಯಿದೆಯನ್ನು ಮಾಡಿರಲಿಲ್ಲ. ಹೀಗಾಗಿ 1947ರಿಂದ 1955ರವರೆಗೆ ಸಿದ್ದಾಪುರದ ಹೆಣ್ಣಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು. ಗಡಿಯಾಚೆ ಸಾಗರದ ಹೆಣ್ಣಿಗೆ ರೂಢಿಯೊಂದೇ ಗತಿ. ಎರಡು ಊರುಗಳ ನಡುವೆ ಇದ್ದುದು ಒಂದು ಹಗಲಿನ ಎತ್ತಿನ ಗಾಡಿಯ ಪಯಣ.

1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯು ಈ ಗಡಿಗಳನ್ನು ಅಳಿಸಿತು. ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ನಾಡು ಒಂದಾಗುವ ಮೊದಲೇ ವಿವಾಹದ ಕಾನೂನು ಒಂದಾಗಿತ್ತು. ಈ ಕಾಯಿದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ಬಂದಿವೆ; ಅವರಿಗೂ ಕಾಯಿದೆ ಅನ್ವಯಿಸುತ್ತದೆ. ಧರ್ಮದ ಸ್ವರೂಪದ ಬಗೆಗೆ ನಡೆಯುವ ವಾದಗಳೇನೇ ಇರಲಿ, ಮದುವೆಯ ವಿಷಯದಲ್ಲಿ ಇದು ನಿರ್ಣಯವಾದ ಸಂಗತಿ.

ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು 29ನೆಯ ಕಲಮಿನ ಎರಡನೆಯ ಉಪಕಲಮು. ಆಚಾರದಿಂದ ಮಾನ್ಯವಾದ ವಿಚ್ಛೇದನದ ಹಕ್ಕಿಗೆ ಈ ಕಾಯಿದೆಯಿಂದ ಬಾಧೆಯಿಲ್ಲವೆಂದು ಅದು ಹೇಳುತ್ತದೆ. ಸೋಡಚೀಟಿಯು ಕಾಯಿದೆಯೊಳಗೇ ಬದುಕಿ ಉಳಿಯಿತು! ಆದರೆ ಈ ಒಂದು ವಾಕ್ಯವನ್ನು ಅರ್ಧಂಬರ್ಧ ಕೇಳಿಕೊಂಡವರಿಂದಲೇ ಇಂದಿನ ಅನರ್ಥಗಳು ಹುಟ್ಟಿವೆ. ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿ, ನಾಲ್ವರು ಹಿರಿಯರ ಸಾಕ್ಷಿ ಮಾಡಿಸಿ, ನೋಟರಿಯ ಮುದ್ರೆ ಒತ್ತಿಸಿದರೆ ಮದುವೆ ಮುಗಿಯಿತೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ದೃಢವಾಗಿದೆ. ಅದು ನಿಜವಲ್ಲ. ಆಚಾರವನ್ನು ಹೇಳಿಕೊಳ್ಳುವವರು ತಮ್ಮ ಸಮುದಾಯದಲ್ಲಿ, ತಮ್ಮ ಸೀಮೆಯಲ್ಲಿ ಅದು ದೀರ್ಘಕಾಲದಿಂದ ಏಕರೂಪವಾಗಿ ನಡೆದುಬಂದಿದೆಯೆಂದು ವಾದಪತ್ರದಲ್ಲಿ ತಿಳಿಸಿ, ಸಾಕ್ಷ್ಯದಿಂದ ಸಿದ್ಧಪಡಿಸಬೇಕು. ಇಂಥ ವಿಚ್ಛೇದನವು ಸಾಮಾನ್ಯ ಕಾನೂನಿಗೆ ಅಪವಾದವಾದ್ದರಿಂದ ಅದನ್ನು ಹಾಗೆಯೇ ಊಹಿಸಿಕೊಳ್ಳುವಂತಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಆಚಾರವೇ ಇಲ್ಲದ ಸಮುದಾಯದಲ್ಲಿ ಬರೆದ ಕಾಗದವು ಬರಿಯ ಕಾಗದ.

ಅದರ ಫಲವನ್ನು ಉಣ್ಣುವವರಾರು? ಆ ಕಾಗದವನ್ನು ನಂಬಿ ಮತ್ತೆ ಮದುವೆಯಾದ ಹೆಣ್ಣು. ಆಕೆಯ ಮದುವೆಯು ಅಸಿಂಧುವಾಗುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 494ನೆಯ ಕಲಮಿನಲ್ಲಿದ್ದ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಲ್ಲಿರುವ ದ್ವಿವಿವಾಹದ ಆರೋಪವೂ ಬರಬಹುದು. ಮಕ್ಕಳನ್ನು ಮಾತ್ರ ಕಾಯಿದೆಯು ಕೈಬಿಟ್ಟಿಲ್ಲ. 16ನೆಯ ಕಲಮಿನಂತೆ ಅವರು ಔರಸರೇ. ಕರ್ನಾಟಕದಿಂದ ಮೇಲೇರಿದ ಒಂದು ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆ ತಾಯಿಯರ ಪಾಲಿಗೆ ಬರತಕ್ಕ ಭಾಗದಲ್ಲಿ ಇಂಥ ಮಕ್ಕಳಿಗೂ ಹಕ್ಕಿದೆಯೆಂದು ತೀರ್ಮಾನಿಸಿತು. 1876ರ ಶಂಭು ರಘುವಿನ ತೀರ್ಪನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು: ಪ್ರಾಮಾಣಿಕವಾದ ನಂಬಿಕೆ ಅಂದೂ ರಕ್ಷಣೆಯಾಗಲಿಲ್ಲ.

ಪರಿತ್ಯಾಗವೆಂದರೇನೆಂಬ ಬಗೆಗೂ ಒಂದು ಮಾತು ಅವಶ್ಯ. ಮುಂಬಯಿಯ 1947ರ ಕಾಯಿದೆಯ ಕೆಳಗೆ ಹೂಡಿದ ದಾವೆಯೊಂದು 1956ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಹೆಂಡತಿ ತವರಿಗೆ ಹೋಗಿದ್ದಳು. ಅವಳನ್ನು ಕಳುಹಿಸಕೂಡದೆಂದು ಗಂಡನೇ ತಂತಿ ಕೊಟ್ಟಿದ್ದನು. ಅನಂತರ ತನ್ನನ್ನು ಬಿಟ್ಟುಹೋದಳೆಂದು ವಿಚ್ಛೇದನ ಬೇಡಿದನು. ಬೇರೆ ಇರುವುದಷ್ಟೇ ಪರಿತ್ಯಾಗವಲ್ಲ, ಸಂಸಾರವನ್ನು ಶಾಶ್ವತವಾಗಿ ಮುರಿಯುವ ಸಂಕಲ್ಪವೂ ಬೇಕೆಂದು ಹೇಳಿ ನ್ಯಾಯಾಲಯವು ಅವನ ಬೇಡಿಕೆಯನ್ನು ತಳ್ಳಿಹಾಕಿತು. ಬಾಣಂತನಕ್ಕೆಂದು ತವರಿಗೆ ಹೋದವಳನ್ನು ಕರೆಯಲು ಬಾರದೆ, ಅವಳೇ ಬಿಟ್ಟಳೆಂದು ಸಾರುವ ಗಂಡಂದಿರಿಗೆ ಈ ತೀರ್ಪನ್ನು ಓದಿಹೇಳುವುದು ಲೇಸು.

1976ರ ತಿದ್ದುಪಡಿಯು ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗಗಳನ್ನು ವಿಚ್ಛೇದನಕ್ಕೆ ಕಾರಣಗಳನ್ನಾಗಿ ಸೇರಿಸಿತು. 13-ಬಿ ಕಲಮಿನ ಮೂಲಕ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೂ ಎಡೆಮಾಡಿತು. ಒಂದು ವರ್ಷ ಬೇರೆಯಿದ್ದವರು ಜಂಟಿಯಾಗಿ ಅರ್ಜಿ ಕೊಟ್ಟು, ಸಾಮಾನ್ಯವಾಗಿ ಆರು ತಿಂಗಳ ಬಳಿಕ ಮತ್ತೆ ತಮ್ಮ ಇಚ್ಛೆಯನ್ನು ದೃಢಪಡಿಸಬೇಕು. ತಕ್ಕ ಸಂದರ್ಭದಲ್ಲಿ ಈ ಆರು ತಿಂಗಳನ್ನು ಬಿಟ್ಟುಕೊಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಮಾಡಲು ಸಿದ್ಧರಿರುವರಾದರೆ, ಅದೇ ಇಬ್ಬರು ಈ ಅರ್ಜಿಗೆ ಏಕೆ ಸಹಿ ಮಾಡಬಾರದು?

ಇನ್ನು ಮಗುವಿನ ವಿಚಾರ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯು ಪಾಲಕನನ್ನು ನೇಮಿಸುವಾಗ ಅಪ್ರಾಪ್ತವಯಸ್ಕನ ಹಿತವನ್ನು ನೋಡಬೇಕೆಂದು ಹೇಳಿತ್ತು. ಮಗುವು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಚ್ಛೆಯನ್ನೂ ಗಮನಿಸಬಹುದೆಂದಿತು. ಆದರೂ ತಂದೆಯ ಹಕ್ಕೇ ಬಹುಕಾಲ ಮುಂದಿತ್ತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯೂ ತಂದೆಯನ್ನು ಮೊದಲು ಹೆಸರಿಸಿ, ಅವನ ಅನಂತರ ತಾಯಿ ಎಂದಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಸುಪರ್ದಿನಲ್ಲಿರಬೇಕೆಂದು ಸೇರಿಸಿತು. 13ನೆಯ ಕಲಮಿನಲ್ಲಿ ಮಗುವಿನ ಹಿತವೇ ಸರ್ವೋಪರಿಯೆಂದು ವಿಧಿಸಿತು. ಪಾಲಕತ್ವ ಬೇರೆ, ಸುಪರ್ದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮಗುವಿನ ಪರವಾಗಿ ಸಹಿ ಮಾಡುವ, ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರ ಪಾಲಕತ್ವ. ಮಗು ದಿನನಿತ್ಯ ಯಾರ ಮನೆಯಲ್ಲಿ ಉಂಡು ಮಲಗುವುದೆಂಬುದು ಸುಪರ್ದು. ಹಳ್ಳಿಯ ಜಗಳಗಳಲ್ಲಿ ಇವೆರಡೂ ಒಂದೇ ಎಂಬಂತೆ ಬೆರೆತುಹೋಗುತ್ತವೆ.

"ಅನಂತರ" ಎಂಬ ಆ ಒಂದು ಶಬ್ದದ ಅರ್ಥವನ್ನು ಕುರಿತು ಕಾದಂಬರಿಕಾರ್ತಿ ಗೀತಾ ಹರಿಹರನ್ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಅದರ ಅರ್ಥ ತಂದೆಯ ಮರಣಾನಂತರವೆಂದಲ್ಲ. ತಂದೆಯು ಮಗುವಿನ ಹೊಣೆಯಿಂದ ದೂರವಿದ್ದಾಗ ಅವನ ಜೀವಿತಕಾಲದಲ್ಲಿಯೂ ತಾಯಿ ಸಹಜ ಪಾಲಕಳಾಗಬಲ್ಲಳೆಂದು 1999ರಲ್ಲಿ ತೀರ್ಪಾಯಿತು. ಒಂದು ಶಬ್ದಕ್ಕಾಗಿ ಇಷ್ಟೆಲ್ಲ ಶ್ರಮವೇ ಎಂದು ವ್ಯಾಕರಣವನ್ನು ಓದಿದವರಂತೂ ಕೇಳಲಾರರು. ಇದಕ್ಕೂ ಮೊದಲು, 1973ರಲ್ಲಿಯೇ, ಮಕ್ಕಳು ತಂದೆತಾಯಿಯರ ಸ್ವತ್ತೂ ಅಲ್ಲ, ಆಟಿಕೆಗಳೂ ಅಲ್ಲವೆಂಬ ಭಾವವು ಅದೇ ನ್ಯಾಯಾಲಯದಿಂದ ಹೊರಟಿತ್ತು. ದೈವದವರ ಕಟ್ಟೆಯ ಮೇಲಿದ್ದ ಪ್ರಶ್ನೆ ಮಗು ಯಾರದೆಂಬುದು; ನ್ಯಾಯಾಲಯದ ಪ್ರಶ್ನೆ ಮಗುವಿಗೆ ಯಾವುದು ಒಳಿತೆಂಬುದು. ಇಡೀ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಪಲ್ಲಟವು ಕಾಣುವುದಿಲ್ಲ. ವಿವಾಹ ಕಾಯಿದೆಯ 26ನೆಯ ಕಲಮಿನ ಮೇರೆಗೆ ಮಾಡಿದ ಸುಪರ್ದಿನ ಆಜ್ಞೆಯನ್ನು ಪರಿಸ್ಥಿತಿ ಬದಲಾದಂತೆ ಬದಲಿಸಬಹುದಾದ್ದರಿಂದ, ಅದು ಒಮ್ಮೆ ಬರೆದು ಮುಗಿಸುವ ಚೀಟಿಯಲ್ಲ.

ಕಾನಸೂರಿನ ತವರಿಗೆ ಮಗುವಿನೊಡನೆ ಮರಳಿದ ಹೆಣ್ಣು ಎಲ್ಲಿಗೆ ಹೋಗಬೇಕು? 2003ಕ್ಕೆ ಮೊದಲು ವಿವಾಹದ ಅರ್ಜಿಗಾಗಿ ಅವಳು ಮದುವೆ ನಡೆದ ಊರನ್ನೋ, ಕೂಡಿ ಬಾಳಿದ ಊರನ್ನೋ, ಗಂಡನಿರುವ ಊರನ್ನೋ ಹುಡುಕಿಕೊಂಡು ಹೋಗಬೇಕಾಗಿತ್ತು. ಆ ವರ್ಷದ ತಿದ್ದುಪಡಿಯಿಂದ ಅವಳು ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿಯೇ ಅರ್ಜಿ ಕೊಡಬಹುದು. ಕೌಟುಂಬಿಕ ನ್ಯಾಯಾಲಯವಿರುವ ಕಡೆ ಅಲ್ಲಿ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯ ಅಥವಾ ಸರಕಾರವು ಅಧಿಸೂಚಿಸಿದ ಸಿವಿಲ್ ನ್ಯಾಯಾಲಯದಲ್ಲಿ. ಪಾಲಕತ್ವದ ಅರ್ಜಿಗೆ ಮಗುವು ಸಾಮಾನ್ಯವಾಗಿ ವಾಸಿಸುವ ಸ್ಥಳವೇ ಆಧಾರ. ಜೀವನಾಂಶಕ್ಕೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಸ್ಥಾನದಲ್ಲಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಇದೆ. ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಕೊಟ್ಟ ಹಕ್ಕು. ಅದಕ್ಕೆ ಆದಾಯದ ಮಿತಿಯ ಅಡ್ಡಿಯಿಲ್ಲ.

ಕೂಡಿಸುವ ಕೆಲಸವನ್ನು ನ್ಯಾಯಾಲಯಗಳು ಮರೆತಿಲ್ಲ. ವಿವಾಹ ಕಾಯಿದೆಯ 23ನೆಯ ಕಲಮು, 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 9ನೆಯ ಕಲಮು ಎರಡೂ ಮೊದಲು ರಾಜಿಗೆ ಯತ್ನಿಸುವ ಹೊಣೆಯನ್ನು ನ್ಯಾಯಾಧೀಶರ ಮೇಲೆ ಹೊರಿಸುತ್ತವೆ. 2002ರ ಜುಲೈ 1ರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವ ಮಾರ್ಗವನ್ನು ತೆರೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರಲ್ಲಿ ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಈ ಮಧ್ಯಸ್ಥನು ಹಳೆಯ ಪಂಚನಂತೆ ತೀರ್ಪು ಕೊಡುವವನಲ್ಲ. ಅವನ ಮುಂದೆ ಹೆಣ್ಣು ತಾನೇ ಕುಳಿತು ತಾನೇ ಮಾತನಾಡುತ್ತಾಳೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಒಪ್ಪಂದವಾಗದಿದ್ದರೆ ಮೊಕದ್ದಮೆಯು ನ್ಯಾಯಾಲಯಕ್ಕೆ ಮರಳುತ್ತದೆ. ಹಬ್ಬದ ದಿನ ಮಗು ಯಾರ ಮನೆಯಲ್ಲಿರಬೇಕು, ಬೇಸ್ಗೆಯ ರಜೆಯನ್ನು ಹೇಗೆ ಹಂಚಬೇಕು, ಅಜ್ಜಿಯನ್ನು ಎಂದು ನೋಡಬೇಕು ಎಂಬಂಥ ಸಣ್ಣ ಸಂಗತಿಗಳು ತೀರ್ಪಿನಲ್ಲಿ ಬರುವುದಕ್ಕಿಂತ ಇಲ್ಲಿಯೇ ಚೆನ್ನಾಗಿ ಇತ್ಯರ್ಥವಾಗುತ್ತವೆ. ಹೊಡೆತ, ಬೆದರಿಕೆಗಳ ಭಯ ಉಳಿದಿರುವಲ್ಲಿ ಮಾತ್ರ ಸಮ್ಮತಿಯೆಂಬುದು ಬರಿಯ ಹೆಸರಾಗುವ ಅಪಾಯವಿದೆ. ಅಂಥಲ್ಲಿ ಮೊದಲು 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ರಕ್ಷಣೆ, ಆಮೇಲೆ ಮಿಕ್ಕ ಮಾತು.

ಸಂಸತ್ತು ಅಂಗೀಕರಿಸಿದ 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆಯೆಂಬ ಒಂದು ಅಧ್ಯಾಯವೇ ಇದೆ. ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನೆಮ್ಮದಿಯನ್ನು ಕದಡಬಹುದಾದ ವ್ಯಾಜ್ಯವನ್ನು, ಉಭಯರ ಪೂರ್ವಸಮ್ಮತಿಯಿಂದ, ಮೂವರು ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳಲು ಅದು ಅವಕಾಶ ಕಲ್ಪಿಸುತ್ತದೆ. ಊರಿನಲ್ಲಿ ಗೌರವವುಳ್ಳ ಪ್ರಾಮಾಣಿಕರು ಮಧ್ಯಸ್ಥರ ಪಟ್ಟಿಯಲ್ಲಿ ಬರಬಹುದು; ಮಹಿಳೆಯರ ಪ್ರಾತಿನಿಧ್ಯವನ್ನೂ ಗಮನಿಸಬೇಕೆಂದಿದೆ. ಹಳೆಯ ದೈವದ ನೆರಳು ಇಲ್ಲಿ ಕಾಣುವುದಾದರೂ, ಹೀಗೆ ಆದ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿಲ್ಲವೆಂದು ಅದೇ ಅಧ್ಯಾಯವು ಹೇಳುತ್ತದೆ. ಕಾಯಿದೆಯ ಎಲ್ಲ ಕಲಮುಗಳು ಒಟ್ಟಿಗೆ ಜಾರಿಗೆ ಬರಲಿಲ್ಲ. 2023ರ ಅಕ್ಟೋಬರ್ 9ರಂದು ಜಾರಿಯಾದ ಕಲಮುಗಳಲ್ಲಿ ಸಮುದಾಯ ಮಧ್ಯಸ್ಥಿಕೆಯವು ಸೇರಿರಲಿಲ್ಲ.